ನಲವತ್ತೊಂದು ಜನ, ಒಬ್ಬ ಗ್ರಾಹಕ

ಕಳೆದ ತಿಂಗಳು ದೊಡ್ಡಬಳ್ಳಾಪುರದಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಚೀಲದಿಂದ ಒಂದು ಚಕ್ಕೋತ ತೆಗೆದು ಸುಲಿಯತೊಡಗಿದಳು. ದಪ್ಪ ಸಿಪ್ಪೆಗೆ ಉಗುರು ಇಳಿಸಿದ್ದೇ ತಡ, ವಾಸನೆ ಇಡೀ ಬಸ್ಸಿಗೆ ಹಬ್ಬಿತು. ಎರಡು ತೊಳೆ ಬಿಡಿಸಿ ನನ್ನತ್ತ ಚಾಚಿ, "ತಗಳಿ ಅಕ್ಕ, ಮನೆ ಹಿಂದ್ಗಡೆ ಮರದ್ದು, ಸೀಯಾಗೈತೆ" ಎಂದಳು. ಬೇಡ ಎಂದೆ. ಬಿಡದೆ ಬಲವಂತ ಮಾಡಿದಳು. ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತುಬಿಟ್ಟೆ. ಪಾಪ, ಎಂಥ ಜಂಬದವಳು ಅಂದುಕೊಂಡಳೋ ಏನೋ. ಆ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಬೆರಳುಗಳು ತಣ್ಣಗಾಗುತ್ತವೆ ಎಂದು ಅವಳಿಗೆ ಹೇಗೆ ಹೇಳಲಿ.

ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯಲು ಶುರುವಾದ ವರ್ಷದ ಮಳೆಗಾಲ ಅದು. ರಾಗಿ ಬಿತ್ತುವವರು ಕೂರಿಗೆ ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಗುತ್ತಿತ್ತು. ನಾನು ಬಿ.ಕಾಂ. ಮುಗಿಸಿ, ಪಕ್ಕದ ವಿಜಯಪುರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ದೇವನಹಳ್ಳಿಗೆ ಹೋಗಿ, ನಿವೇಶನ ಮಾರುವ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೆ. ಆಫೀಸೆಂದರೆ ಎರಡು ಕೋಣೆ, ಗೋಡೆಯ ತುಂಬ ಬಣ್ಣದ ನಕ್ಷೆ, ಮಳೆ ಬಂದರೆ ಹೋಗುವ ಕರೆಂಟು, ಕರೆಂಟು ಹೋದರೆ ಕಿರುಚುವ ಯುಪಿಎಸ್ಸು. ಮ್ಯಾನೇಜರ್ ಚಲಪತಿ ಐವತ್ತರ ಆಸುಪಾಸಿನ ಮನುಷ್ಯ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. ನನ್ನನ್ನು ಒಂದು ದಿನವೂ ಗದರಿದವರಲ್ಲ.

ಅಲ್ಲಿ ಗ್ರಾಹಕರ ನಿರ್ವಹಣೆಗೆಂದು ಒಂದು ಸಾಫ್ಟ್‌ವೇರ್ ಇತ್ತು. ಯಾರು ವಿಚಾರಿಸಿಕೊಂಡು ಬಂದರು, ಯಾರಿಗೆ ಯಾವ ನಿವೇಶನ ತೋರಿಸಿದೆವು, ಏನಂದರು ಎಲ್ಲ ಅದರಲ್ಲಿ ತುಂಬುವುದು ನನ್ನ ಕೆಲಸ. ಕೊಳ್ಳುವವರನ್ನು ಮಾತ್ರವಲ್ಲ, ಯಾರ ಹೊಲದ ಮೇಲೆ ಕಂಪನಿಗೆ ಕಣ್ಣಿತ್ತೋ ಆ ರೈತರನ್ನೂ ಅದರಲ್ಲೇ ಸೇರಿಸಬೇಕು ಎಂದು ಚಲಪತಿ ಹೇಳಿದ್ದರು. "ಕೊಡೋನೂ ಗ್ರಾಹಕನೇ ಕಣಮ್ಮ ರೇಣುಕಾ, ತಗೊಳ್ಳೋನೂ ಗ್ರಾಹಕನೇ. ಇಬ್ಬರಿಗೂ ನಾವು ನಮಸ್ಕಾರ ಹಾಕ್ಬೇಕು." ಹೀಗಾಗಿ ನಮ್ಮ ತಾಲೂಕಿನದೇ ಚನ್ನರಾಯಪಟ್ಟಣ ಹೋಬಳಿಯ ಮೂರು ಹಳ್ಳಿಗಳ ರೈತರೆಲ್ಲ ಹೆಸರು, ಊರು, ಸರ್ವೆ ನಂಬರಿನ ಸಮೇತ ನನ್ನ ಕಂಪ್ಯೂಟರಿನೊಳಗೆ ಬಂದು ಕೂತರು. ಪ್ರತಿ ಹೆಸರಿನ ಮುಂದೆ ಉತ್ತರದ ಒಂದು ಕಾಲಂ: ಕೊಡುತ್ತಾರೆ, ಕೊಡುವುದಿಲ್ಲ, ಯೋಚಿಸುತ್ತಿದ್ದಾರೆ.

ತೊಡಕಾದದ್ದು ಇಮೇಲ್ ಕಾಲಮ್ಮಿನಲ್ಲಿ. ಅದರ ಪಕ್ಕ ಕೆಂಪು ಚುಕ್ಕೆ. ಅಲ್ಲಿ ಏನಾದರೂ ತುಂಬದೆ ಆ ಸಾಫ್ಟ್‌ವೇರ್ ಮುಂದಕ್ಕೆ ಬಿಡುತ್ತಿರಲಿಲ್ಲ. ರಾಗಿ ಬೆಳೆಯುವವರಿಗೆ ಎಲ್ಲಿಂದ ಇಮೇಲ್ ತರಲಿ? ಆದರೆ ನಮ್ಮ ಕಡೆಯವರಿಗೆ ವಿಳಾಸವೆಂದರೆ ಯಾವತ್ತೂ ಕೇರಾಫ್ ತಾನೇ. ಕಾಗದ ಬರುವುದು ಕೇರಾಫ್ ಅಂಗಡಿ, ಕೇರಾಫ್ ಡೈರಿ, ಕೇರಾಫ್ ಮೇಷ್ಟ್ರು. ನಾನು ಇಮೇಲ್ ಅಂದೊಡನೆ ಒಬ್ಬ ರೈತ ಯೋಚನೆಯನ್ನೇ ಮಾಡದೆ, "ಕೇರಾಫ್ ಫಯಾಜ್ ಅಂತ ಹಾಕ್ಕೊಳಮ್ಮ" ಎಂದ. ಅವನ ಹಿಂದೆ ನಿಂತವರೂ ಅದನ್ನೇ ಹೇಳಿದರು.

ಫಯಾಜ್ ಬಸ್ ಸ್ಟ್ಯಾಂಡ್ ಎದುರು ಸೈಬರ್ ಸೆಂಟರ್ ಇಟ್ಟುಕೊಂಡಿದ್ದವನು. ಪಹಣಿ ತೆಗೆಸುವವರು, ರಿಸಲ್ಟ್ ನೋಡುವವರು ಎಲ್ಲ ಅವನಲ್ಲಿಗೇ ಹೋಗುತ್ತಿದ್ದರು. ಅವನಿಗೆ ಈ ಕೇರಾಫ್ ಕೆಲಸ ದೊಡ್ಡ ಗೌರವದ್ದು. ನಾವು ರೈತರಿಗೆ ಬರೆದ ಪತ್ರಗಳನ್ನೆಲ್ಲ ಪ್ರಿಂಟ್ ತೆಗೆದು, ಅಂಗಡಿಯೊಳಗೆ ಕಟ್ಟಿದ ದಾರಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ನೇತು ಹಾಕುತ್ತಿದ್ದ. ಸಂತೆಗೆ ಬಂದವರು ತಮ್ಮದನ್ನು ಬಿಡಿಸಿಕೊಂಡು, ಅವನಿಂದಲೇ ಓದಿಸಿಕೊಂಡು ಹೋಗುತ್ತಿದ್ದರು. ಹೀಗೆ ನಲವತ್ತೊಂದು ಜನರ ಮುಂದೆ ನಾನು ಅವನ ಒಂದೇ ಇಮೇಲ್ ಹಾಕಿದೆ. ನನ್ನ ಕೈಯಾರೆ. ಅದರಲ್ಲಿ ತಪ್ಪೇನಿದೆ ಎಂದು ಒಂದು ಕ್ಷಣವೂ ಅನಿಸಲಿಲ್ಲ. ನಮ್ಮ ಮನೆಗೆ ಬರುವ ಕಾಗದವೂ ಕೇರಾಫ್ ಹಿಟ್ಟಿನ ಗಿರಣಿಯೇ ಆಗಿತ್ತು.

ಆ ನಲವತ್ತೊಂದು ಜನರಲ್ಲಿ ಅಕ್ಕಯ್ಯಮ್ಮ ಒಬ್ಬರು. ನಮ್ಮ ಬಸ್ಸಿನ ದಾರಿಯಲ್ಲೇ ಅವರ ಒಂದು ಎಕರೆ, ಅದರಲ್ಲಿ ಹತ್ತೊಂಬತ್ತು ಚಕ್ಕೋತದ ಮರ. ಗಂಡ ತೀರಿಕೊಂಡ ಮೇಲೆ ಆ ಮರಗಳಿಂದಲೇ ಮಗಳ ಮದುವೆ ಮಾಡಿದ್ದರು. ರಸ್ತೆ ಬದಿಯಲ್ಲಿ ಗೋಣಿತಾಟು ಹಾಸಿ ಹಣ್ಣು ಗುಡ್ಡೆ ಹಾಕಿಕೊಂಡು ಕೂತರೆ, ಏರ್‌ಪೋರ್ಟಿಗೆ ಹೋಗುವ ಕಾರುಗಳು ತಾವಾಗಿಯೇ ನಿಲ್ಲುತ್ತಿದ್ದವು. ಆಷಾಢದ ಗಾಳಿ ಬೀಸುತ್ತಿದ್ದ ಒಂದು ದಿನ ಆಫೀಸಿಗೆ ಬಂದರು. ಚಲಪತಿ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ನಿಮ್ ಹುಡುಗ್ರು ಮೂರ್ ದಿನದಿಂದ ನಮ್ ಮನೆ ಜಗಲಿ ಸವೆಸ್ತಾವ್ರೆ. ನಾನ್ ಕೊಡಲ್ಲ ಕಣಪ್ಪ. ನೀವ್ ಎಷ್ಟ್ ಕೊಟ್ರೂ ನಾನ್ ಕೊಡಲ್ಲ."

"ಆಯ್ತಮ್ಮ, ನಿಮ್ಮಿಷ್ಟ. ಬಲವಂತ ಇಲ್ಲ."

"ನಿನ್ ಬಾಯಲ್ಲಿ ಆಯ್ತು ಅಂದ್ರೆ ಸಾಲದು. ಈ ಅಮ್ಮಣ್ಣಿ ಬರ್ಕೊಳ್ಲಿ, ನನ್ ಕಣ್ಮುಂದೆ."

ನಾನು 'ಕೊಡುವುದಿಲ್ಲ' ಎಂಬ ಉತ್ತರ ಆರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೂ ಪರದೆಗೆ ಮುಖ ಒಡ್ಡಿ ನೋಡಿದರು. "ಇದು ಅಳ್ಸೋಗಲ್ವಾ?" ಎಂದು ಕೇಳಿದರು. "ಇಲ್ಲಮ್ಮ, ಕಂಪ್ಯೂಟರ್ ಮರೆಯಲ್ಲ" ಎಂದೆ. ಆಗ ನನಗೆ ಇಪ್ಪತ್ತಮೂರು ವರ್ಷ, ಎಲ್ಲ ಗೊತ್ತಿದೆ ಎಂಬ ಧೈರ್ಯ. ಅಷ್ಟಕ್ಕೇ ಬಿಡದೆ, ನಿಮ್ಮ ಉತ್ತರ ದಾಖಲಾಗಿದೆ ಎಂದು ಅವರ ಹೆಸರಿಗೆ ಒಂದು ಪತ್ರವನ್ನೂ ಫಯಾಜನ ಇಮೇಲಿಗೆ ಕಳಿಸಿದೆ.

ಪತ್ರ ಕಳಿಸುವುದು ಬೇರೆ ಪ್ರೋಗ್ರಾಂನಲ್ಲಿ. ಗ್ರಾಹಕರೆಲ್ಲ ಒಂದು ಕಡೆ, ಇಮೇಲೆಲ್ಲ ಇನ್ನೊಂದು ಕಡೆ. ಇಲ್ಲಿಂದ ಹೆಸರು ನೋಡಿ ಅಲ್ಲಿ ಬರೆ, ಅಲ್ಲಿ ಬಂದ ಜವಾಬು ನೋಡಿ ಇಲ್ಲಿ ಬರೆ. ದಿನಕ್ಕೆ ಅರ್ಧ ಹೊತ್ತು ಇದರಲ್ಲೇ ಹೋಗುತ್ತಿತ್ತು, ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಎರಡನ್ನೂ ಜೋಡಿಸಬಹುದು ಎಂದು ಬೆಂಗಳೂರಿನಿಂದ ಸಾಫ್ಟ್‌ವೇರ್ ಮಾರಿದವರು ಹೇಳಿದಾಗ ನಾನು ಕುಣಿಯುವುದೊಂದು ಬಾಕಿ. ಜೋಡಿಸಿದರೆ ಯಾರ ಹೆಸರು ಒತ್ತಿದರೂ ಅವರ ಪತ್ರಗಳೆಲ್ಲ ಕೆಳಗೆ ಕಾಣುತ್ತವೆ, ಯಾರಾದರೂ ಒಪ್ಪಿದ ಕೂಡಲೆ ಧನ್ಯವಾದದ ಪತ್ರ ತಾನಾಗಿಯೇ ಹೋಗುತ್ತದೆ. ಶ್ರಾವಣದ ಮೊದಲ ವಾರ ಒಬ್ಬಾತ ಬಂದು ಅರ್ಧ ಜೋಡಿಸಿದ. ಮಳೆಗೆ ಕರೆಂಟು ಹೋಯಿತು. ಉಳಿದದ್ದನ್ನು ಫೋನಿನಲ್ಲಿ ಹೇಳಿಕೊಡುತ್ತೇನೆಂದು ಸಂಜೆ ಬಸ್ಸು ಹತ್ತಿ ಹೊರಟುಹೋದ.

ಮಾರನೆಯ ದಿನ ಮಧ್ಯಾಹ್ನ ಅವನು ಫೋನಿನಲ್ಲಿ ಹೇಳಿದಂತೆ ಒಂದೊಂದೇ ಒತ್ತುತ್ತ ಹೋದೆ. ಮೇಲೆ ವಿಮಾನ ಹೋದಾಗಲೆಲ್ಲ ಅವನ ಮಾತು ಕೇಳಿಸುತ್ತಿರಲಿಲ್ಲ. ಕೊನೆಯಲ್ಲಿ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಒಂದೇ ಇಮೇಲಿನ ಹಲವು ನಮೂದುಗಳು ಸಿಕ್ಕಿವೆ, ಒಂದುಗೂಡಿಸಲೇ? "ಒಬ್ಬರನ್ನೇ ಎರಡೆರಡು ಸಲ ಬರ್ದಿರ್ತೀರ ಮೇಡಂ, ಎಲ್ಲಾ ಕಡೆ ಹಂಗೇ ಇರುತ್ತೆ. ಹೂಂ ಅಂತ ಕೊಡಿ" ಎಂದ. ಅವನಿಗೆ ಫಯಾಜ್ ಗೊತ್ತಿಲ್ಲ, ದಾರ ಗೊತ್ತಿಲ್ಲ, ಬಟ್ಟೆ ಕ್ಲಿಪ್ಪು ಗೊತ್ತಿಲ್ಲ. ನನಗೆ ಗೊತ್ತಿತ್ತು. ಆದರೆ ಹೊಟ್ಟೆ ಹಸಿದಿತ್ತು, ಡಬ್ಬಿಯ ಊಟ ಆರುತ್ತಿತ್ತು. ಹೂಂ ಒತ್ತಿದೆ. ಹಸಿರು ಗುರುತು ಬಂತು. ಚಲಪತಿ ಸಂತೋಷಕ್ಕೆ ಎಲ್ಲರಿಗೂ ಬಿಸಿ ಬೋಂಡ ತರಿಸಿದರು.

ಒಂದೆರಡು ದಿನ ಬಿಟ್ಟು ಫಯಾಜ್ ಒಂದು ಪ್ರಿಂಟು ಹಿಡಿದು ಆಫೀಸಿಗೆ ಬಂದ.

"ಅರೆ ಮೇಡಂ, ಇದೇನ್ ತಮಾಷೆ? ಪ್ರಿಯ ಫಯಾಜ್ ಅವರೇ, ಜಮೀನು ಕೊಡಲು ಒಪ್ಪಿದ್ದಕ್ಕೆ ಧನ್ಯವಾದ ಅಂತ ಬಂದೈತೆ. ನಂಗೆ ಜಮೀನು ಎಲ್ಲೈತೆ? ಮನೆ ಮುಂದೆ ಒಂದು ಹೂವಿನ ಕುಂಡ ಇಡೋಕೂ ಜಾಗ ಇಲ್ಲ, ಇರೋ ಗೇಟಲ್ಲೂ ಪಕ್ಕದ್ ಮನೆಯವ್ರು ತುಳಸಿ ಕುಂಡ ಇಟ್ಕೊಂಡವ್ರೆ."

ಎಲ್ಲರೂ ಬಿದ್ದು ಬಿದ್ದು ನಕ್ಕೆವು. "ಇನ್ಮೇಲೆ ನೀನೇ ನಮ್ ಜಮೀನ್ದಾರ ಬಿಡಪ್ಪ" ಎಂದು ಚಲಪತಿ ಅವನ ಬೆನ್ನು ತಟ್ಟಿದರು. ಅವನೂ ನಕ್ಕು ಟೀ ಕುಡಿದು ಹೋದ. ನನ್ನ ಮನಸ್ಸಿನಲ್ಲಿ ಏನೋ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆ ನಲವತ್ತೊಂದು ಜನರಲ್ಲಿ ಹಿಂದಿನ ವಾರ ಒಪ್ಪಿದವನು ಕೆಂಪಣ್ಣ, ಅವನಿಗೆ ಹೋಗಬೇಕಾದ ಪತ್ರ ಇವನ ಹೆಸರಿಗೆ ಯಾಕೆ ಹೋಯಿತು? ಸೋಮವಾರ ನೋಡಿದರಾಯಿತು ಎಂದುಕೊಂಡೆ. ವಾರದ ಕೊನೆಯ ಪಟ್ಟಿಯನ್ನು ಎಂದಿನಂತೆ ಪ್ರಿಂಟ್ ತೆಗೆದು ಚಲಪತಿಯ ಟೇಬಲ್ಲಿನ ಮೇಲಿಟ್ಟೆ. ಒಪ್ಪಿದವರ ಸರ್ವೆ ನಂಬರುಗಳ ಪಟ್ಟಿ ಅದು. ಒಪ್ಪಿದ ವಾರದಲ್ಲೇ ಜೆಸಿಬಿ ಕಳಿಸಿ ಜಾಗ ಚೊಕ್ಕ ಮಾಡಿ, ಬೇಲಿಗೆ ಕಾಲುವೆ ತೋಡಿ ಬೋರ್ಡು ನೆಡುವುದು ಅವರ ಪದ್ಧತಿ. ಕೊಟ್ಟವರು ಮನಸ್ಸು ಬದಲಾಯಿಸುವ ಮೊದಲು ಆಗಿಬಿಡಬೇಕಲ್ಲ. ಪಟ್ಟಿ ಈ ಸಲ ಎರಡು ಪುಟವಿತ್ತು. ಯಾವತ್ತೂ ಅರ್ಧ ಪುಟ ದಾಟದ ಪಟ್ಟಿ ಎರಡು ಪುಟವಾದದ್ದನ್ನು ಕಂಡು, ವ್ಯಾಪಾರ ಚೆನ್ನಾಗಿದೆ ಅಂದುಕೊಂಡೆ. ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಬಸ್ಸಿನ ಕಿಟಕಿಯ ಗಾಜು ಮಂಜಾಗಿತ್ತು. ಯಾರೋ "ಅಯ್ಯೋ, ಅಕ್ಕಯ್ಯಮ್ಮನೂ ಕೊಟ್ಬಿಟ್ಳಾ!" ಅಂದರು. ನಾನು ಸೆರಗಿನಿಂದ ಗಾಜು ಒರೆಸಿ ನೋಡಿದೆ. ಕೆಂಪು ಮಣ್ಣು ಬಗೆದು ಬಿದ್ದಿತ್ತು. ಮರಗಳು ಬೇರು ಮೇಲಾಗಿ ಒಂದರ ಮೇಲೊಂದು ಮಲಗಿದ್ದವು. ಹಣ್ಣುಗಳು ರಸ್ತೆಯವರೆಗೂ ಉರುಳಿಕೊಂಡು ಬಂದಿದ್ದವು. ಜೆಸಿಬಿ ಇನ್ನೊಂದು ಮರದ ಬುಡಕ್ಕೆ ಬಾಯಿ ಹಾಕಿತ್ತು. ಕೂಗಿ ಬಸ್ಸು ನಿಲ್ಲಿಸಿ ಇಳಿದು ಓಡಿದೆ. ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಬಗೆದ ಮಣ್ಣು, ಜಜ್ಜಿದ ಹಣ್ಣು, ಹರಿದ ಎಲೆ ಎಲ್ಲ ಸೇರಿ ಆ ವಾಸನೆ ಗಂಟಲಿಗೇ ಇಳಿಯಿತು.

ಜೆಸಿಬಿ ಮುಂದೆ ಹೋಗಿ ನಿಂತು ಎರಡೂ ಕೈ ಆಡಿಸಿದೆ. ಡ್ರೈವರ್ ಕೆಳಗಿಳಿದು ರೇಗಿದ.

"ಏನ್ ಮೇಡಂ, ಸಾಯೋಕ್ ಬಂದಿದ್ದೀರಾ? ಆಫೀಸ್‌ನವ್ರೇ ಕಳ್ಸಿರೋದು ನನ್ನ."

ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟ. ನಾನೇ ತೆಗೆದ ಪ್ರಿಂಟು. ಅಕ್ಕಯ್ಯಮ್ಮನ ಸರ್ವೆ ನಂಬರ್ ಮೊದಲ ಸಾಲಿನಲ್ಲಿತ್ತು. ಎಂಟು ಮರ ಬಿದ್ದಿದ್ದವು. ಹನ್ನೊಂದು ನಿಂತಿದ್ದವು, ಅವುಗಳ ಸುತ್ತಲೂ ಆಗಲೇ ಕಾಲುವೆ ತೋಡಿಯಾಗಿತ್ತು. ಅಕ್ಕಯ್ಯಮ್ಮ ಮಗಳ ಮನೆಯವರ ಜೊತೆ ಶಿವಗಂಗೆಗೆ ಹರಕೆ ತೀರಿಸಲು ಹೋಗಿದ್ದರು. ಪಕ್ಕದ ಹೊಲದವನನ್ನು ನೀವಾದರೂ ತಡೆಯಬಾರದಿತ್ತೇ ಎಂದು ಕೇಳಿದರೆ ಅವನು ತಲೆ ತಗ್ಗಿಸಿದ. "ಈ ವರ್ಷ ಎಲ್ರೂ ಹಂಗೇ ಅಲ್ವಾ ಮೇಡಂ, ಒಬ್ರಿಗೂ ಹೇಳ್ದಂಗೆ ಕೊಟ್ಬಿಡ್ತಾವ್ರೆ. ಇವಳೂ ಕೊಟ್ಟವ್ಳೆ, ನಾಚ್ಕೊಂಡು ಊರ್ ಬಿಟ್ಟವ್ಳೆ ಅನ್ಕೊಂಡ್ವಿ."

ಪಟ್ಟಿ ತಪ್ಪಾಗಿದೆ, ಕೆಲಸ ನಿಲ್ಲಿಸು ಎಂದು ಡ್ರೈವರನಿಗೆ ಹೇಳಿ, ಆ ಕಾಗದ ಹಿಡಿದೇ ಆಫೀಸಿಗೆ ಹೋಗಿ ಕಂಪ್ಯೂಟರ್ ಹಾಕಿದೆ. ಅಕ್ಕಯ್ಯಮ್ಮ ಎಂದು ಹುಡುಕಿದೆ. ಅಂಥ ಗ್ರಾಹಕರಿಲ್ಲ ಎಂದಿತು. ಪುಟ್ಟಸ್ವಾಮಿ, ಮುನಿರಾಜು, ಪಿಳ್ಳಪ್ಪ, ಯಾರೂ ಇಲ್ಲ. ಫಯಾಜ್ ಎಂದು ಹುಡುಕಿದೆ. ಸಿಕ್ಕಿದ. ಅವನೊಬ್ಬನ ಹೆಸರಿನ ಕೆಳಗೆ ನಲವತ್ತೊಂದು ಜನರ ಹೊಲಗಳೂ ಸಾಲಾಗಿ ಕೂತಿದ್ದವು. ಇಮೇಲ್ ಪ್ರೋಗ್ರಾಂನಲ್ಲಿ ಆ ವಿಳಾಸಕ್ಕಿದ್ದ ಹೆಸರು ಅವನದು, ಅದನ್ನೇ ಇದು ಎತ್ತಿಕೊಂಡಿತ್ತು. ಉತ್ತರದ ಕಾಲಮ್ಮಿನಲ್ಲಿ ಕಟ್ಟಕಡೆಗೆ ಬದಲಾದದ್ದು ಕೆಂಪಣ್ಣನದು, ಅದನ್ನೇ ಎಲ್ಲರ ಉತ್ತರ ಮಾಡಿತ್ತು. ಕೊಡುತ್ತಾರೆ. ಡ್ರೈವರನ ಕೈಯಲ್ಲಿ ಆ ಪಟ್ಟಿ ಇನ್ನೆರಡು ದಿನ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಯುತ್ತ, ಚಲಪತಿಯ ಕೋಣೆಯ ಮುಂದೆ ಹೋಗಿ ಕಾದು ನಿಂತೆ.

ಚಲಪತಿ ಬಂದ ಮೇಲೆ ಎಲ್ಲ ಹೇಳಿದೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ಆಗಿದ್ದು ಆಯ್ತಮ್ಮ. ಯಾಕೆ ಗಾಬರಿ? ಸಿಸ್ಟಮ್‌ನಲ್ಲಿ ಒಪ್ಪಿಗೆ ಅಂತ ಐತಲ್ಲ. ಇಲ್ಲ ಅಂದಿದ್ದಕ್ಕೆ ಆಯಮ್ಮನ ಹತ್ರ ಏನೈತೆ?"

ಮರ ಬಿದ್ದದ್ದನ್ನು ಕಂಡಾಗ ಆಗದ ಆಘಾತ ಆ ಮಾತಿಗೆ ಆಯಿತು. ಆ ಮನುಷ್ಯನನ್ನು ನಾನು ತಂದೆಯ ಸಮಾನ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ.

ಆಯಮ್ಮನ ಹತ್ತಿರ ಏನೂ ಇರಲಿಲ್ಲ ನಿಜ. ಆದರೆ ಫಯಾಜನ ಹತ್ತಿರ ಇತ್ತು. ನಾನು ಓಡಿಹೋಗಿ ಕೇಳುವ ಮೊದಲೇ ಸುದ್ದಿ ಬಸ್ ಸ್ಟ್ಯಾಂಡಿಗೆ ಮುಟ್ಟಿತ್ತು. ಅವನು ದಾರದಿಂದ ಒಂದು ಪ್ರಿಂಟು ಬಿಡಿಸಿ ತೆಗೆದ. ಅಕ್ಕಯ್ಯಮ್ಮ ಅವರೇ, ಜಮೀನು ಕೊಡುವುದಿಲ್ಲವೆಂಬ ನಿಮ್ಮ ಉತ್ತರ ದಾಖಲಾಗಿದೆ ಎಂದು ಆಷಾಢದಲ್ಲಿ ನಾನೇ ಕಳಿಸಿದ ಪತ್ರ. ಅವರಿನ್ನೂ ಬಂದು ತೆಗೆದುಕೊಂಡಿರಲಿಲ್ಲ. ಎಲ್ಲರ ಹೊಲ ಅವನ ಹೆಸರಿಗೆ ಹೇಗೆ ಸೇರಿತೆಂದು ಹೇಳಿದೆ. ಫಯಾಜನ ಕಣ್ಣು ಕೆಂಪಗಾಯಿತು. "ನನ್ ಹೆಸ್ರಲ್ಲಿ ಕಡ್ದವ್ರಲ್ಲ ಮೇಡಂ, ನನ್ ಹೆಸ್ರಲ್ಲಿ. ಆ ಅಮ್ಮನ ಮುಖ ನಾನ್ ಹೆಂಗ್ ನೋಡ್ಲಿ?" ಅದರ ಇನ್ನೊಂದು ಪ್ರತಿ ತೆಗೆದು ಅವನೇ ಚಲಪತಿಯ ಟೇಬಲ್ಲಿನ ಮೇಲಿಟ್ಟ. ಚಲಪತಿ ಓದಿ, ಮಡಿಸಿ, ಡ್ರಾಯರಿಗೆ ಹಾಕಿದರು. ಜೆಸಿಬಿ ಮತ್ತೆ ಆ ಕಡೆ ಹೋಗಲಿಲ್ಲ. ನಲವತ್ತೊಂದು ಜನರನ್ನೂ ನಾನು ಆ ವಾರ ಎರಡು ದಿನ ಕೂತು, ಒಬ್ಬೊಬ್ಬರನ್ನಾಗಿ ಬಿಡಿಸಿ ಬರೆದೆ.

ಮಂಗಳವಾರ ಅಕ್ಕಯ್ಯಮ್ಮ ಬಂದರೆಂದು ತಿಳಿದು ತೋಟಕ್ಕೆ ಹೋದೆ. ಬಿದ್ದ ಮರಗಳಿಂದ ಹಣ್ಣು ಕಿತ್ತು ಗುಡ್ಡೆ ಮಾಡುತ್ತಿದ್ದರು. ಹಣೆಯಲ್ಲಿ ಶಿವಗಂಗೆಯ ವಿಭೂತಿ ಇನ್ನೂ ಇತ್ತು. ನನ್ನಿಂದ ಆದದ್ದು ಅಂದೆ. ಹೇಗೆ ಎಂದರು. ಹೇಳಿದೆ. ಕೇರಾಫ್, ಜೋಡಣೆ, ಒಂದುಗೂಡಿಸಿದ್ದು, ಎಲ್ಲ. ಅರ್ಥವಾಗಿರಲಿಕ್ಕಿಲ್ಲ ಎಂದುಕೊಂಡೆ. ಎಲ್ಲ ಅರ್ಥವಾಗಿತ್ತು.

"ನಮ್ಮೂರಲ್ಲಿ ಬದುವಿಗೋಸ್ಕರ ಅಣ್ಣತಮ್ಮಂದ್ರೇ ಒಂದಾಗಲ್ಲ. ನೀನು ನಲವತ್ತೊಂದ್ ಜನನ್ನ ಒಂದೇ ಏಟಿಗೆ ಒಂದ್ ಮಾಡ್ಬಿಟ್ಯಾ?"

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ.

"ಬಂದು ಹೇಳ್ದೆ, ಅದು ನಿನ್ ದೊಡ್ಡತನ. ಆದ್ರೆ ನಾನ್ ಆಗ್ಲಿ ಬಿಡಮ್ಮ ಅಂತ ಅನ್ನಲ್ಲ. ಅನ್ನೋಕ್ ಬರಲ್ಲ ನಂಗೆ. ಬಾ, ಹಣ್ ಎತ್ಕೊ. ಮಣ್ಣಲ್ಲಿದ್ರೆ ಕೊಳೀತವೆ."

ಆ ದಿನವೆಲ್ಲ ಅವರ ಜೊತೆ ಹಣ್ಣು ಎತ್ತಿದೆ. ಮಧ್ಯಾಹ್ನ ಅವರು ಕೊಟ್ಟ ಮುದ್ದೆಯನ್ನು ಬದುವಿನ ಮೇಲೆ ಕೂತು ತಿಂದೆ. ಒಳಗೊಳಗೇ ಒಂದು ಆಸೆ ಇತ್ತು. ಹನ್ನೊಂದು ಮರ ಉಳಿದಿವೆ, ಅವರ ಮಾತು ಉಳಿದಿದೆ, ತೋಟ ಉಳಿಯುತ್ತದೆ.

ಆ ವರ್ಷ ಮಳೆ ಬಿಡಲಿಲ್ಲ. ಗುಂಡಿಗಳಲ್ಲಿ, ಕಾಲುವೆಯಲ್ಲಿ ನೀರು ನಿಂತಿತು. ಕಾಲುವೆ ತೋಡುವಾಗ ನಿಂತ ಮರಗಳ ಬೇರುಗಳೂ ಹರಿದಿದ್ದವು. ನಾನು ದಿನಾ ಬಸ್ಸಿನಿಂದ ನೋಡುತ್ತಿದ್ದೆ. ಮೊದಲು ಎಲೆ ಹಳದಿಯಾಯಿತು, ಆಮೇಲೆ ಉದುರಿತು. ಅಕ್ಕಯ್ಯಮ್ಮ ಆಳು ಇಟ್ಟು ಕಾಲುವೆ ಮುಚ್ಚಿಸಿದರು, ಬುಡಕ್ಕೆ ಹೊಸ ಮಣ್ಣು ಹಾಕಿಸಿದರು. ಕಾರ್ತೀಕದ ಹೊತ್ತಿಗೆ ರಸ್ತೆ ಬದಿಯ ಗೋಣಿತಾಟು ಇಲ್ಲವಾಯಿತು.

ಒಂದು ದಿನ ಅವರು ಆಫೀಸಿಗೆ ಬಂದರು. ಚಲಪತಿ ಎದ್ದು ನಿಂತರೂ ಆ ಕಡೆ ತಿರುಗಲಿಲ್ಲ. ನೇರ ನನ್ನ ಮೇಜಿನ ಮುಂದೆ ಬಂದು ನಿಂತರು.

"ಹನ್ನೊಂದೂ ಹೋದ್ವು ಕಣಮ್ಮ. ಹೊಸ ಸಸಿ ಮಡಗಿದ್ರೆ ಹಣ್ ಬಿಡೋಕೆ ಏಳೆಂಟ್ ವರ್ಷ. ಅಷ್ಟ್ ದಿನ ಆ ಗುಂಡಿ ನೋಡ್ಕೊಂಡು ನಾನ್ ಇರಲ್ಲ. ಕೊಡ್ತೀನಿ ಅಂತ ಹಾಕ್ಕೊ."

"ಬೇಡ ಅಕ್ಕಯ್ಯಮ್ಮ, ದುಡುಕಬೇಡಿ, ಇನ್ನೊಂದ್ಸಲ ಯೋಚನೆ ಮಾಡಿ" ಎಂದೆ.

"ಬೇಡ ಅಂದಾಗ ನಿಮ್ಗೆ ಕೇಳಿಸ್ಲಿಲ್ಲ. ಹೂಂ ಅಂತಿದ್ದೀನಿ, ಇದನ್ನಾದ್ರೂ ಕೇಳಿಸ್ಕೊ."

ಉತ್ತರದ ಕಾಲಂ ಬದಲಾಯಿಸಿದೆ. ನಾನು ಕೈ ತೆಗೆಯುವಷ್ಟರಲ್ಲಿ ಧನ್ಯವಾದದ ಪತ್ರ ತಾನಾಗಿಯೇ ಸಿದ್ಧವಾಗಿ ಹೊರಟುಹೋಯಿತು. ಜೋಡಣೆ ಈಗ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹೆಸರು ಸರಿಯಿತ್ತು, ಊರು ಸರಿಯಿತ್ತು, ಸರ್ವೆ ನಂಬರ್ ಸರಿಯಿತ್ತು. ಒಂದು ಪ್ರತಿ ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟು, "ಏನ್ ಬರ್ದೈತೆ, ಓದು" ಎಂದರು. ಚಲಪತಿಯೂ ಕೇಳುತ್ತ ನಿಂತಿದ್ದರು. ನಾನು ಎದ್ದು ನಿಂತು, ಅವರ ಮುಖ ನೋಡಲಾಗದೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದೆ.